ರೈಲು ಕಾರ್ಟೂನ್ ನೋಡುವ ಮಗ ತಂಗಿಯ ಬೋಗಿ ಕಿತ್ತುಕೊಳ್ಳುವುದೇಕೆ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ, ಮಗಳಿಗೆ ಎರಡೂವರೆ. ಮಗನಿಗೆ ರೈಲಿನ ಕಾರ್ಟೂನ್ ಅಂದರೆ ಪ್ರಾಣ. ಥಾಮಸ್, ಚಗ್ಗಿಂಗ್ಟನ್ ಎರಡೂ ನೋಡುತ್ತಾನೆ. ಇವು ಸ್ನೇಹ, ಒಗ್ಗಟ್ಟು ಕಲಿಸುತ್ತವೆ ಅಂತ ಓದಿ ನಾನೇ ಹಾಕಿಕೊಟ್ಟಿದ್ದು. ಆದರೆ ಟಿವಿ ಆರಿಸಿದ ಐದೇ ನಿಮಿಷಕ್ಕೆ ತಂಗಿಯ ಕೈಯಿಂದ ಬೋಗಿ ಕಿತ್ತುಕೊಳ್ಳುತ್ತಾನೆ. 'ನೀನು ಸ್ಲೋ, ನೀನು ಬರಬೇಡ' ಅಂತಾನೆ. ಆ ಮಾತೂ ಕಾರ್ಟೂನಿನದೇ. ಬೋಗಿಗಳನ್ನು ಸಾಲಾಗಿ ಇಟ್ಟುಕೊಂಡು ಯಾರೂ ಮುಟ್ಟಬಾರದು ಅಂತಾನೆ. ಕಾರ್ಟೂನ್ ಪೂರ್ತಿ ನಿಲ್ಲಿಸಬೇಕಾ? ಒಬ್ಬ ತಾಯಿ, ಹಾಸನ

ಉತ್ತರ: ಕಾರ್ಟೂನ್ ನಿಲ್ಲಿಸುವ ಅಗತ್ಯವಿಲ್ಲ. ಅದು ತಾನಾಗಿಯೇ ಸ್ನೇಹ ಕಲಿಸುತ್ತದೆ ಎಂಬ ನಂಬಿಕೆಯನ್ನು ಮಾತ್ರ ಬಿಡಿ. ನಿಮ್ಮ ಮಗ ಕಾರ್ಟೂನಿನಿಂದ ಏನೂ ಕಲಿತಿಲ್ಲ ಎಂಬ ಬೇಸರ ನಿಮಗೆ. ಅವನು ಚೆನ್ನಾಗಿಯೇ ಕಲಿತಿದ್ದಾನೆ. 'ನೀನು ಸ್ಲೋ' ಎಂಬುದನ್ನು ಬಹುಶಃ ಅದೇ ರಾಗದಲ್ಲಿ ಎತ್ತಿಕೊಂಡಿರುತ್ತಾನೆ. ಕಥೆಯ ಕೊನೆಯಲ್ಲಿರುವ ಪಾಠವನ್ನು ಬಿಟ್ಟು ನಡುವಿನ ಮಾತನ್ನೇ ಏಕೆ ಹಿಡಿದುಕೊಂಡ ಎಂಬುದು ಗೊತ್ತಾದರೆ ಮುಂದೇನು ಮಾಡಬೇಕು ಎಂಬುದೂ ಹೊಳೆಯುತ್ತದೆ.

ಹನ್ನೊಂದು ನಿಮಿಷದ ಯಾವುದಾದರೂ ಒಂದು ಕಂತನ್ನು ಗಡಿಯಾರ ಪಕ್ಕದಲ್ಲಿಟ್ಟುಕೊಂಡು ನೋಡಿ. ಮೊದಲ ಒಂದು ನಿಮಿಷ ಎಲ್ಲರೂ ಖುಷಿಯಾಗಿರುತ್ತಾರೆ. ಆಮೇಲೆ ಒಂದು ಎಂಜಿನ್ನಿಗೆ ಜಂಬ ಬರುತ್ತದೆ. ಅಲ್ಲಿಂದ ಆರೇಳು ನಿಮಿಷ ಅಣಕ, ಪೈಪೋಟಿ, ಒಬ್ಬನನ್ನು ಬಿಟ್ಟು ಹೋಗುವುದು, ಒಂದು ಅವಘಡ. ಕೊನೆಯ ಒಂದೂವರೆ ನಿಮಿಷದಲ್ಲಿ ಸಹಾಯ, ಸಾರಿ, ಎಲ್ಲರೂ ಸೇರಿ ಸೀಟಿ. ದೊಡ್ಡವರಾದ ನಮಗೆ ಆ ಕೊನೆಯ ಒಂದೂವರೆ ನಿಮಿಷವೇ ಇಡೀ ಕಥೆಯ ತಾತ್ಪರ್ಯ, ಏಕೆಂದರೆ ಕಥೆ ಹೇಗೆ ಮುಗಿಯುತ್ತದೆ ಎಂಬುದು ನಮಗೆ ಮೊದಲೇ ಗೊತ್ತು. ನಾಲ್ಕು ವರ್ಷದ ಮಗುವಿಗೆ ಎಲ್ಲ ನಿಮಿಷಗಳ ತೂಕವೂ ಒಂದೇ. ಅದರಲ್ಲೂ ಅಣಕದ ನಿಮಿಷಗಳು ಹೆಚ್ಚು, ಜೋರು ಮತ್ತು ತಮಾಷೆ. ಶಾಲಾಪೂರ್ವ ವಯಸ್ಸಿನ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿದ ಅಮೆರಿಕದ ಆಸ್ಟ್ರೋವ್ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ಕಂಡದ್ದೂ ಇದೇ. 'ಶೈಕ್ಷಣಿಕ' ಎನಿಸಿಕೊಂಡ ಕಾರ್ಯಕ್ರಮಗಳನ್ನು ಹೆಚ್ಚು ನೋಡಿದ ಮಕ್ಕಳಲ್ಲಿ 'ನಿನ್ನನ್ನ ಆಟಕ್ಕೆ ಸೇರಿಸಲ್ಲ' ಎನ್ನುವ ಬಗೆಯ ಸಂಬಂಧದ ಹಿಂಸೆ ಹೆಚ್ಚಿತ್ತು. ಜಗಳ ಉದ್ದ, ರಾಜಿ ಗಿಡ್ಡ. ಇವೆರಡಕ್ಕೂ ನಂಟು ಕಟ್ಟುವಷ್ಟು ಮಗುವಿನ ತಲೆ ಇನ್ನೂ ಬೆಳೆದಿರುವುದಿಲ್ಲ ಎಂದು ಅವರು ಅದಕ್ಕೆ ಕಾರಣ ಕೊಟ್ಟರು.

ಎರಡನೆಯ ತೊಡಕು, ಮಕ್ಕಳು ಕಥೆಯನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ಮೇರ್ಸ್ ಮತ್ತು ಅಕೋಸ್ಟಾ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುಕೆಜಿ ವಯಸ್ಸಿನ ಮಕ್ಕಳಿಗೆ ಮೂರು ಕಾಲಿನ ನಾಯಿಯೊಂದನ್ನು ಉಳಿದ ನಾಯಿಗಳು ದೂರ ಇಡುವ, ಕೊನೆಗೆ ಸೇರಿಸಿಕೊಳ್ಳುವ ಕಾರ್ಟೂನ್ ತೋರಿಸಿದರು. ನಮಗಿಂತ ಭಿನ್ನವಾಗಿರುವವರನ್ನು ಹೀಗಳೆಯಬಾರದು ಎಂಬುದು ಅದರ ಪಾಠ. ಬಹಳಷ್ಟು ಮಕ್ಕಳು ಹೇಳಿದ್ದು, ಮೂರು ಕಾಲಿನ ನಾಯಿಗೆ ಒಳ್ಳೆಯದು ಮಾಡಬೇಕು ಎಂದು. ರೈಲಿಗೂ ಇದೇ ಕತೆ. 'ಏನು ಕಲಿತೆ ಪುಟ್ಟಾ?' ಎಂದು ಕೇಳಿದರೆ 'ಎಂಜಿನ್ನು ಗುಡ್ಡ ಹತ್ತಿತು' ಅನ್ನುತ್ತಾನೆ. ಆ ವಯಸ್ಸಿಗೆ ಅದು ಪೂರ್ತಿ ಸರಿಯಾದ ಉತ್ತರ. ಅಲ್ಲಿಂದ 'ನಾನು ತಂಗಿಗೆ ಸಹಾಯ ಮಾಡಬೇಕು' ಎಂಬಲ್ಲಿಗೆ ಬರಬೇಕಾದರೆ ಎಂಜಿನ್ನಿನಿಂದ ಮನುಷ್ಯನಿಗೊಂದು ಜಿಗಿತ, ಗುಡ್ಡದಿಂದ ಬೇರೆ ಯಾವುದೋ ಕಷ್ಟಕ್ಕೆ ಇನ್ನೊಂದು ಜಿಗಿತ ಬೇಕು. ಟೊರಾಂಟೊದಲ್ಲಿ 4ರಿಂದ 6 ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕುರಿತ ಒಂದೇ ಕಥೆಯನ್ನು ಕೆಲವರಿಗೆ ಮನುಷ್ಯ ಪಾತ್ರಗಳೊಂದಿಗೆ, ಕೆಲವರಿಗೆ ಬಟ್ಟೆ ತೊಟ್ಟ ಪ್ರಾಣಿಗಳೊಂದಿಗೆ ಓದಿದರು. ಮನುಷ್ಯರ ಕಥೆ ಕೇಳಿದ ಮಕ್ಕಳು ಆಮೇಲೆ ತಮ್ಮ ಸ್ಟಿಕ್ಕರುಗಳನ್ನು ಮೊದಲಿಗಿಂತ ಹೆಚ್ಚು ಹಂಚಿದರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಬರಲಿಲ್ಲ. ಹಾಗಿರುವಾಗ ಹೊಗೆಕೊಳವೆಯ ಕೆಳಗೆ ಬೂದು ಮುಖ ಅಂಟಿಸಿಕೊಂಡ ಎಂಜಿನ್ನು ಇನ್ನೂ ದೂರದ ನೆಂಟನೇ ಸರಿ.

ಇವೆರಡಕ್ಕೂ ಮದ್ದು ಒಂದೇ: ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಆ ಜಿಗಿತಕ್ಕೆ ಕೈ ಕೊಡಬೇಕು, ಆಮೇಲೆ ಅದೇ ಸಂಗತಿ ಮಗುವಿನ ಕೈಯಲ್ಲಿ ಆಟವಾಗಬೇಕು. ಭಾವನೆಗಳನ್ನು ಕಲಿಸಲೆಂದೇ ತಯಾರಾದ ಒಂದು ಅಮೆರಿಕನ್ ಕಾರ್ಟೂನ್ ಮೇಲೆ 2016ರಲ್ಲಿ ಬಂದ ಅಧ್ಯಯನದಲ್ಲೂ, ನೋಡಿದ್ದನ್ನು ಕುರಿತು ಅಪ್ಪ ಅಮ್ಮ ಆಗಾಗ ಮಾತಾಡುವ ಮನೆಗಳ ಮಕ್ಕಳಲ್ಲೇ ಅನುಕಂಪ ಹೆಚ್ಚಿದ್ದು ಕಂಡುಬಂತು. ಸುಮ್ಮನೆ ಹಾಕಿಕೊಟ್ಟು ಅಡುಗೆಮನೆಗೆ ಹೋದರೆ ನಿಮಗೆ ಅರ್ಧ ಗಂಟೆ ಬಿಡುವು ಸಿಗುತ್ತದೆ. ಅದೂ ಬೇಕಾದದ್ದೇ. ಆದರೆ ಅದನ್ನು ಪಾಠದ ಲೆಕ್ಕಕ್ಕೆ ಹಿಡಿಯಬೇಡಿ.

ಈಗ ಯಾವ ಕಥೆ ಎಂಬ ವಿಚಾರ. ಥಾಮಸ್ ಸರಣಿಯ ಮೂಲ, ದಡಾರ ಬಂದು ಮಲಗಿದ್ದ ಮಗನಿಗೆ ಇಂಗ್ಲೆಂಡಿನ ಪಾದ್ರಿ ವಿಲ್ಬರ್ಟ್ ಆಡ್ರಿ ಹೇಳಿದ ಕಥೆಗಳು. ಮೊದಲ ಪುಸ್ತಕ 1945ರಲ್ಲಿ ಬಂತು, ಟಿವಿಗೆ ಬಂದದ್ದು 1984ರಲ್ಲಿ. ಆ ಮೊದಲ ಪುಸ್ತಕದಲ್ಲೇ ಇರುವ ಎಡ್ವರ್ಡ್ ಮತ್ತು ಗೋರ್ಡನ್ ಕಥೆ ನಿಮ್ಮ ಮನೆಗೆ ಹೇಳಿ ಮಾಡಿಸಿದಂತಿದೆ. ಗೋರ್ಡನ್ ದೊಡ್ಡ ಎಕ್ಸ್‌ಪ್ರೆಸ್ ಎಂಜಿನ್ನು, ಜಂಬದ ಕೋಳಿ. ಒಂದು ದಿನ ಗೂಡ್ಸ್ ಗಾಡಿ ಎಳೆಯಲು ಹಚ್ಚಿದಾಗ ಮುಖ ಊದಿಸಿಕೊಂಡು ಹೊರಟು ಗುಡ್ಡದ ನಡುವೆ ನಿಂತುಬಿಡುತ್ತಾನೆ. ಎಲ್ಲರೂ ಆಡಿಕೊಳ್ಳುತ್ತಿದ್ದ ಪುಟ್ಟ ಎಡ್ವರ್ಡ್ ಹಿಂದಿನಿಂದ ತಳ್ಳಿ ಮೇಲೆ ಹತ್ತಿಸುತ್ತಾನೆ. ಮೇಲೆ ಹೋದದ್ದೇ ತಡ, ಗೋರ್ಡನ್ ಥ್ಯಾಂಕ್ಸ್ ಕೂಡ ಹೇಳದೆ ಇಳಿಜಾರಿನಲ್ಲಿ ಓಡಿಬಿಡುತ್ತಾನೆ. ಈ ಕೊನೆಯೇ ನನಗೆ ಇಷ್ಟ. ಎಲ್ಲರೂ ತಬ್ಬಿಕೊಂಡು ಮುಗಿಯುವ ಕಥೆಯಲ್ಲಿ ಮಗುವಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಇಲ್ಲಿ ಎಡ್ವರ್ಡ್ ಏದುಸಿರು ಬಿಡುತ್ತ ಒಬ್ಬನೇ ನಿಂತಿದ್ದಾನೆ, ಮಗುವಿಗೆ ಒಳಗೇ ಕಸಿವಿಸಿ. ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅದೇ ಪುಸ್ತಕದ ಹೆನ್ರಿಯ ಕಥೆಯನ್ನು ಈ ವಯಸ್ಸಿಗೆ ನಾನು ತೋರಿಸುವುದಿಲ್ಲ. ಮಳೆಗೆ ಬಣ್ಣ ಕೆಡುತ್ತದೆಂದು ಸುರಂಗದಿಂದ ಹೊರಬರದ ಹೆನ್ರಿಯನ್ನು ಹಳಿ ಕಿತ್ತು, ಗೋಡೆ ಕಟ್ಟಿ ಒಳಗೇ ಬಿಡುತ್ತಾರೆ. ಮುಂದಿನ ಕಥೆಯಲ್ಲಿ ಗೋರ್ಡನ್ ಕೆಟ್ಟು ನಿಂತಾಗ ಹೆನ್ರಿಯನ್ನು ಬಿಡಿಸಿ, ಎಡ್ವರ್ಡ್ ಜೊತೆ ಸೇರಿ ಎಕ್ಸ್‌ಪ್ರೆಸ್ ಎಳೆಸುತ್ತಾರೆ ಎಂಬುದು ನಿಜ. ಆದರೆ ಎರಡು ಕಂತುಗಳ ನಡುವೆ ಒಂದು ರಾತ್ರಿ ಬಂದರೆ ಆ ರಾತ್ರಿ ಮಗು ಗೋಡೆಯ ಹಿಂದಿನ ಹೆನ್ರಿಯ ಜೊತೆಗೇ ಮಲಗುತ್ತದೆ. ತೋರಿಸುವುದೇ ಆದರೆ ಎರಡನ್ನೂ ಒಂದೇ ಕೂತಲ್ಲಿ ತೋರಿಸಿ.

ಇನ್ನೊಂದು ತಕರಾರು. ಆ ಸರಣಿಯಲ್ಲಿ ಸಿಗುವ ಅತಿ ದೊಡ್ಡ ಹೊಗಳಿಕೆ, 'ನೀನು ನಿಜಕ್ಕೂ ಉಪಯೋಗಕ್ಕೆ ಬರುವ ಎಂಜಿನ್ನು' ಎಂಬುದು. ಕೆಲಸಕ್ಕೆ ಬಂದವನು ಮಾತ್ರ ಗೆಳೆಯ ಎಂಬ ಅರ್ಥ ಅದರೊಳಗೆ ಸುಲಭವಾಗಿ ನುಸುಳುತ್ತದೆ. ಎರಡೂವರೆ ವರ್ಷದ ತಂಗಿ ರೈಲಾಟದಲ್ಲಿ ಯಾವ ಉಪಯೋಗಕ್ಕೂ ಬರುವವಳಲ್ಲ, ಹಳಿ ಕಿತ್ತುಹಾಕುವವಳು. 'ನೀನು ಬರಬೇಡ' ಎಂಬುದರ ಬೇರು ಇಲ್ಲೂ ಇರಬಹುದು. 2008ರಲ್ಲಿ ಶುರುವಾದ ಚಗ್ಗಿಂಗ್ಟನ್‌ನಲ್ಲಿ ಈ ಕಾಟ ಕಡಿಮೆ. ಅಲ್ಲಿ ವಿಲ್ಸನ್, ಬ್ರೂಸ್ಟರ್, ಕೋಕೋ ಮೂವರೂ ಇನ್ನೂ ಕಲಿಯುತ್ತಿರುವ ಎಂಜಿನ್ನುಗಳು, ತಪ್ಪುವುದೇ ಅವರ ಕೆಲಸ, ತಿದ್ದಲು ಹಿರಿಯರಿದ್ದಾರೆ. ಆದರೆ ಓಟ ತುಸು ವೇಗ.

ವೇಗದ ವಿಷಯ ಸಣ್ಣದಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಬಿರುಸಾದ ಕಾರ್ಟೂನ್, ಒಂದಕ್ಕೆ ನಿಧಾನದ ಕಾರ್ಟೂನ್ ತೋರಿಸಿ, ಇನ್ನೊಂದಕ್ಕೆ ಚಿತ್ರ ಬರೆಯಲು ಕೊಟ್ಟರು. ಒಂಬತ್ತೇ ನಿಮಿಷ. ಬಿರುಸಿನದನ್ನು ನೋಡಿದ ಮಕ್ಕಳು ಕೂಡಲೇ ಕೊಟ್ಟ ಕೆಲಸಗಳಲ್ಲಿ ತಾಳ್ಮೆ, ಹತೋಟಿ ಎರಡರಲ್ಲೂ ಹಿಂದೆ ಬಿದ್ದರು. ಟಿವಿ ಆರಿಸಿದ ಐದು ನಿಮಿಷಕ್ಕೆ ಕಿತ್ತಾಟ ಎಂದಿರಲ್ಲ, ಆ ಐದು ನಿಮಿಷವನ್ನು ಬೇರೆ ಯಾವುದಕ್ಕಾದರೂ ಕೊಡಿ. ನೀರು ಕುಡಿಯಲಿ, ಹಿತ್ತಿಲಿಗೆ ಹೋಗಿ ಬರಲಿ. ಆಮೇಲೆ ಬೋಗಿಗಳು ಹೊರಬರಲಿ. ಇಷ್ಟರಿಂದಲೇ ಒಂದಷ್ಟು ಜಗಳ ಉದುರಿಹೋಗುತ್ತದೆ.

ಥಾಮಸ್‌ನಲ್ಲೇ ಹಳೆಯ ಕಂತುಗಳು ನಿಧಾನದವು. ಅವು ನಿಜವಾದ ಮಾದರಿ ರೈಲುಗಳನ್ನು ಓಡಿಸಿ ಚಿತ್ರೀಕರಿಸಿದವು. ಕಣ್ಣು ಮಾತ್ರ ಹೊರಳುತ್ತದೆ, ಬಾಯಿ ಅಲುಗುವುದಿಲ್ಲ. ಭಾವನೆ ಬದಲಾದರೆ ಮುಖವನ್ನೇ ಬದಲಿಸಿ ಇಡುತ್ತಿದ್ದರು. ಎಲ್ಲ ಪಾತ್ರಗಳ ಮಾತನ್ನೂ ಒಬ್ಬನೇ ನಿರೂಪಕ ಹೇಳುತ್ತಾನೆ. 2009ರಿಂದ ಪೂರ್ತಿ ಕಂಪ್ಯೂಟರ್ ಅನಿಮೇಷನ್, 2021ರಿಂದ ಚಿತ್ರದ ಶೈಲಿಯೂ ಗತಿಯೂ ಬೇರೆ. ಹಳೆಯದರಲ್ಲಿ ನಮಗೊಂದು ದೊಡ್ಡ ಅನುಕೂಲವಿದೆ: ತುಟಿ ಅಲುಗದ ಕಾರಣ ದನಿ ಮುಚ್ಚಿ ನೀವೇ ಕನ್ನಡದಲ್ಲಿ ಕಥೆ ಹೇಳಬಹುದು. ಮಗುವಿಗೆ ಒಂದಿಷ್ಟೂ ವಿಚಿತ್ರ ಅನ್ನಿಸುವುದಿಲ್ಲ. ಎಡ್ವರ್ಡ್‌ಗೆ ಬೇಜಾರಾಯಿತು, ಗೋರ್ಡನ್‌ಗೆ ಹೊಟ್ಟೆಕಿಚ್ಚು, ಈಗ ಅವನಿಗೆ ನಾಚಿಕೆ, ಇವನಿಗೆ ಹೆದರಿಕೆ ಎಂದು ಹೆಸರಿಟ್ಟು ಹೇಳಿ. ಮನೆಮಾತಿನಲ್ಲಿ ಭಾವನೆಗಳಿಗೆ ಹೆಸರು ಸಿಕ್ಕ ಮಗು ಕೈ ಎತ್ತುವ ಮೊದಲು ಬಾಯಿ ತೆರೆಯಲು ಕಲಿಯುತ್ತದೆ. ಜೊತೆಗೆ 'ಸ್ಲೋ' ಎಂಬ ಮಾತನ್ನು ನಿಮ್ಮ ನಿರೂಪಣೆಯಿಂದ ಹಾರಿಸಿಬಿಡಬಹುದು.

ಕಂತು ಒಂದು, ನಿಲುಗಡೆ ಒಂದು. ಎಲ್ಲೆಲ್ಲೋ ನಿಲ್ಲಿಸಿ ಪ್ರಶ್ನೆ ಕೇಳುತ್ತ ಹೋದರೆ ಮಗು ರಿಮೋಟು ಕಿತ್ತುಕೊಳ್ಳುತ್ತದೆ, ಅದು ತಪ್ಪೂ ಅಲ್ಲ. ತೊಂದರೆ ಏನೆಂದು ಕಣ್ಣಿಗೆ ಬಿದ್ದ ಮೇಲೆ, ಸಹಾಯ ಬರುವ ಮೊದಲು, ಅಲ್ಲಿ ನಿಲ್ಲಿಸಿ. ಗೋರ್ಡನ್ ಗುಡ್ಡದಲ್ಲಿ ನಿಂತಿದ್ದಾನೆ, ಎಡ್ವರ್ಡ್ ಇನ್ನೂ ಬಂದಿಲ್ಲ. 'ಈಗೇನು ಮಾಡ್ತಾರೆ? ಯಾಕೆ?' ಇಷ್ಟೇ. 'ಯಾಕೆ' ಎಂಬುದು ಮುಖ್ಯ. ಕಥೆ ಕೇಳುವಾಗ ನಡುನಡುವೆ ಕಾರಣ ಹೇಳಲು ಪ್ರೇರೇಪಿಸಿದ ಐದಾರು ವರ್ಷದ ಮಕ್ಕಳು ಕಥೆಯ ತಿರುಳನ್ನು ಉಳಿದವರಿಗಿಂತ ಚೆನ್ನಾಗಿ ಹಿಡಿದದ್ದನ್ನು ಸಂಶೋಧಕರು ಕಂಡಿದ್ದಾರೆ. ಉತ್ತರ ತಪ್ಪಾದರೆ ತಿದ್ದಬೇಡಿ, ಮುಂದೆ ಓಡಿಸಿ, ಕಥೆಯೇ ತಿದ್ದುತ್ತದೆ. ಮುಗಿದ ಮೇಲೆ ನಿಮ್ಮ ಬಾಯಿಂದ ಒಂದೇ ವಾಕ್ಯ, ಮನೆಯಲ್ಲಿ ಅವನು ನಿಜವಾಗಿ ಮಾಡಿದ ಕೆಲಸಕ್ಕೆ ಜೋಡಿಸಿ: 'ಮೊನ್ನೆ ಚಿನ್ನು ಚಪ್ಪಲಿ ಹಾಕ್ಕೊಳ್ಳೋಕೆ ಆಗದೆ ಇದ್ದಾಗ ನೀನು ಎಡ್ವರ್ಡ್ ಥರಾನೇ ಬಂದೆ.' ಅಪರಾಧಕ್ಕೆ ಜೋಡಿಸಬೇಡಿ. 'ನೋಡು, ನೀನು ಗೋರ್ಡನ್ ಥರ ಆಡ್ತೀಯ' ಎಂದರೆ ಗೋರ್ಡನ್ ಆಗುವುದರಲ್ಲೇ ಅವನಿಗೆ ಮಜ. ಎಷ್ಟಾದರೂ ಗೋರ್ಡನ್ ದೊಡ್ಡ ಎಂಜಿನ್ನು.

ಇನ್ನು ನೆಲದ ಮೇಲಿನ ಆಟಕ್ಕೆ ಬರೋಣ. ನನ್ನ ಮಟ್ಟಿಗೆ ಮುಕ್ಕಾಲು ಪಾಠ ಇರುವುದು ಇಲ್ಲೇ.

ಬಹುತೇಕ ಮನೆಗಳಲ್ಲಿ ಆಗುವ ತಪ್ಪು ಹೀಗೆ: ಒಬ್ಬನೇ ಆಡಬಹುದಾದ ಆಟಿಕೆ ಕೊಟ್ಟು 'ಇಬ್ಬರೂ ಸೇರಿ ಆಡಿ' ಎನ್ನುವುದು. ಒಂದು ಎಂಜಿನ್ನು, ಒಂದು ಸುತ್ತು ಹಳಿ, ಇಬ್ಬರು ಮಕ್ಕಳು ಎಂದರೆ ಎರಡನೆಯ ಮಗು ಅಲ್ಲಿ ಅಡ್ಡಿಯೇ. ಒಬ್ಬನಿಂದ ಆಗದ, ಇಬ್ಬರಿಂದ ಮಾತ್ರ ಆಗುವ ಕೆಲಸ ಕೊಟ್ಟು ನೋಡಿ. ಜರ್ಮನಿಯ ಲೈಪ್ಜಿಗ್‌ನಲ್ಲಿ ಮನೋವಿಜ್ಞಾನಿ ಟೊಮಾಸೆಲ್ಲೊ ಅವರ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವರ್ಷದ ಇಬ್ಬರು ಮಕ್ಕಳು ಹಗ್ಗದ ಎರಡು ತುದಿ ಎಳೆದು ಹಲಗೆಯೊಂದನ್ನು ಹತ್ತಿರ ತಂದರೆ ಗೋಲಿಗಳು ಸಿಗುತ್ತಿದ್ದವು, ಒಬ್ಬನಿಗೆ ಮೂರು, ಇನ್ನೊಬ್ಬನಿಗೆ ಒಂದು. ಕೂಡಿ ಎಳೆದಿದ್ದಾಗ ಮೂರು ಸಿಕ್ಕವನು ಒಂದನ್ನು ಬಿಟ್ಟುಕೊಟ್ಟು ಎರಡೆರಡು ಮಾಡುವುದು ಹೆಚ್ಚು. ಗೋಲಿಗಳು ಎಳೆಯದೆಯೇ ಸುಮ್ಮನೆ ಸಿಕ್ಕಾಗ ಹಂಚುವುದು ಕಡಿಮೆ. 'ಹಂಚ್ಕೋ' ಎಂದು ಯಾರೂ ಹೇಳಿರಲಿಲ್ಲ.

ರೈಲಿನಲ್ಲಿ ಇದಕ್ಕೆ ಸರಿಯಾದ ಕೆಲಸ ಗುಡ್ಡ ಹತ್ತಿಸುವುದು. 120 ಸೆಂಟಿಮೀಟರ್ ಉದ್ದದ, ಗೇಣಗಲದ ಹಲಗೆ ಬೇಕು. ಒಂದು ತುದಿಯನ್ನು 2.4 ಸೆಂಟಿಮೀಟರ್ ಎತ್ತಿದರೆ 50ಕ್ಕೆ 1ರ ಏರು (50 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ), ಅಂದರೆ ನಿಮ್ಮ ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ಏರು. 3.2 ಸೆಂಟಿಮೀಟರ್ ಎತ್ತಿದರೆ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಮ್‌ಗೆ ಇಳಿಯುವ ಘಾಟಿಯ 37ಕ್ಕೆ 1. ಹತ್ತು ಸೆಂಟಿಮೀಟರ್ ಎತ್ತಿದರೆ 12ಕ್ಕೆ 1, ಊಟಿ ರೈಲಿನ ಅತಿ ಕಡಿದಾದ ಏರು. ಅಲ್ಲಿ ಬರೀ ಗಾಲಿ ಸಾಲದೆ ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿದ್ದಾರೆ. ತೆಳು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಕೆಳಗೆ ತುರುಕುತ್ತ ಹೋಗಿ, ಎಲ್ಲಿ ಎಂಜಿನ್ನು ಸೋಲುತ್ತದೆ ಎಂದು ಮಗನೇ ಕಂಡುಹಿಡಿಯಲಿ.

ಬ್ಯಾಟರಿ ಎಂಜಿನ್ನಿಗೆ ಮೂರು ಬೋಗಿ ಕಟ್ಟಿ, ಪ್ರತಿ ಬೋಗಿಯಲ್ಲಿ ಅಕ್ಕಿ ತುಂಬಿ ಮುಚ್ಚಳ ಬಿಗಿದ ಪುಟ್ಟ ಡಬ್ಬಿ ಇಡಿ. ನಾಣ್ಯ, ಗೋಲಿ, ಹುಣಸೆ ಬೀಜ ಬೇಡ, ಚಿಕ್ಕವಳು ಬಾಯಿಗೆ ಹಾಕಿಕೊಳ್ಳುತ್ತಾಳೆ. ಎಂಜಿನ್ನಿನ ಗಾಲಿ ತಿರುಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಆಗ ತಂಗಿಯ ಕೈಗೆ ಎರಡನೆಯ ಎಂಜಿನ್ನು ಕೊಟ್ಟು ಹಿಂದಿನಿಂದ ತಳ್ಳಿಸಿ. ಎಂಜಿನ್ನು ಚಾಲೂ ಇರದಿದ್ದರೂ ನಡೆಯುತ್ತದೆ, ಕೈಯಿಂದ ತಳ್ಳಲಿ. ಗಾಡಿ ಮೇಲೆ ಹತ್ತಿದ ಕ್ಷಣ ಅಣ್ಣನ ಮುಖ ನೋಡಿ. ಅಲ್ಲಿಯವರೆಗೆ ಹಳಿ ಕೀಳುವವಳಾಗಿದ್ದ ತಂಗಿ ಈಗ ಅವನಿಗೆ ಬೇಕಾದವಳು.

ಇದರಲ್ಲಿ ಕೆಡುವುದು ಮೂರು ಕಡೆ. ಸನ್‌ಮೈಕಾ ಹಾಕಿದ ನುಣುಪು ಹಲಗೆಯಾದರೆ ಸಪಾಟಾಗಿರುವಾಗಲೇ ಗಾಲಿ ಜಾರಿ ಆಟ ಕೆಡುತ್ತದೆ. ಮೇಲೆ ಹಳೆಯ ಹತ್ತಿ ಬಟ್ಟೆ ಬಿಗಿಯಾಗಿ ಹಾಸಿ ಅಂಚನ್ನು ಟೇಪಿನಿಂದ ಅಂಟಿಸಿ. ಎರಡನೆಯದು, ನಡುವಿನ ಬೋಗಿ ಖಾಲಿಯಿದ್ದು ಹಿಂದಿನಿಂದ ಜೋರಾಗಿ ತಳ್ಳಿದರೆ ಅದು ಮೇಲೆದ್ದು ಪಕ್ಕಕ್ಕೆ ಬೀಳುತ್ತದೆ. ಭಾರವನ್ನು ಮೂರಕ್ಕೂ ಸಮ ಹಂಚಿ. ಮೂರನೆಯದು ಮರದ ರೈಲು ಸೆಟ್ಟುಗಳ ಕಾಟ: ಬೋಗಿಯ ಎರಡು ತುದಿಯ ಅಯಸ್ಕಾಂತಗಳು ವಿರುದ್ಧ ಧ್ರುವದವು, ಸಜಾತಿ ಧ್ರುವ ಎದುರಾದರೆ ಬೋಗಿ ಅಂಟದೆ ಓಡುತ್ತದೆ. 'ಇವಳು ಮುಟ್ಟಿದ್ದಕ್ಕೇ ಕೆಟ್ಟೋಯ್ತು' ಎಂಬ ಕೂಗಿಗೆ ಎಷ್ಟೋ ಸಲ ಇದೇ ಕಾರಣ. ಬೋಗಿಯನ್ನು ಹಿಂದುಮುಂದು ಮಾಡಿದರೆ ಆಯಿತು. ಈ ಗುಟ್ಟನ್ನು ಅಣ್ಣನಿಗೆ ಹೇಳಿಕೊಡಿ, ತಂಗಿಗೆ ಅವನು ಹೇಳಿಕೊಡಲಿ.

ಬ್ಯಾಟರಿ ರೈಲು ಇಲ್ಲದ ಮನೆಯಲ್ಲಿ ಗೋಣಿಚೀಲದ ಮೇಲೆ ಅಕ್ಕಿ ಚೀಲ ಇಟ್ಟು ಹಗ್ಗ ಕಟ್ಟಿ ಎಳೆಸಿದರೂ ಸಾಕು. ತೂಕ ಹೊಂದಿಸುವುದು ನಿಮ್ಮ ಜಾಣತನ. ಎಂಟು ಕಿಲೋದಿಂದ ಶುರುಮಾಡಿ ಒಂದೊಂದೇ ಕಿಲೋ ಏರಿಸಿ, ಅಣ್ಣ ಒಬ್ಬನೇ ಎಳೆದರೆ ಅಲುಗದ, ತಂಗಿ ಹಿಂದಿನಿಂದ ತಳ್ಳಿದರೆ ಅಲುಗುವ ಜಾಗಕ್ಕೆ ನಿಲ್ಲಿಸಿ. ಹಗುರಾದರೆ ತಂಗಿ ಬೇಡವಾಗುತ್ತಾಳೆ, ಭಾರವಾದರೆ ಇಬ್ಬರೂ ಬಿಟ್ಟು ಹೋಗುತ್ತಾರೆ.

ಸರದಿ ಕಾಯುವುದು ಇನ್ನೊಂದು ಪಾಠ. 'ಐದು ನಿಮಿಷ ನೀನು, ಐದು ನಿಮಿಷ ಅವಳು' ಎಂಬುದು ಗಡಿಯಾರ ಬಾರದ ಮಗುವಿಗೆ ಬರೀ ಶಬ್ದ. ರೈಲ್ವೆಯವರು ಒಂಟಿ ಹಳಿಯ ಮೇಲೆ ಇದೇ ಸಮಸ್ಯೆಗೆ ಬಹಳ ಕಾಲ ಬಳಸಿದ ಉಪಾಯ ಟೋಕನ್. ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ಲೋಹದ ಚೆಂಡು ಯಂತ್ರದಿಂದ ಹೊರಬರುತ್ತಿತ್ತು. ಅದನ್ನು ದೊಡ್ಡ ಬಳೆಯಂಥ ಹಿಡಿಕೆಯ ಚೀಲದಲ್ಲಿ ಹಾಕಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಅದು ಕೈಯಲ್ಲಿದ್ದವನಿಗೆ ಮಾತ್ರ ದಾರಿ. ನಿಮ್ಮ ಹಳೆಯ ಬಳೆಯೊಂದಕ್ಕೆ, ಗಾಜಿನದು ಬೇಡ, ಕೆಂಪು ದಾರ ಸುತ್ತಿ ಟೋಕನ್ ಮಾಡಿ. ಬಳೆ ಕೈಯಲ್ಲಿರುವವರು ಒಂದು ಸುತ್ತು ಓಡಿಸಿ, ನಿಲ್ದಾಣಕ್ಕೆ ಬಂದು ಬಳೆಯನ್ನು ಇನ್ನೊಬ್ಬರಿಗೆ ಕೊಡಬೇಕು. ನಿಮಿಷದ ಲೆಕ್ಕ ಮಗುವಿಗೆ ಕಾಣುವುದಿಲ್ಲ, ಸುತ್ತಿನ ಲೆಕ್ಕ ಕಾಣುತ್ತದೆ. ಮೊದಲ ದಿನ ನೀವೂ ಒಂದು ಸರದಿ ತೆಗೆದುಕೊಂಡು, ಬಳೆ ಕೊಡುವಾಗ ಬೇಕೆಂದೇ ತುಸು ಹಿಂದೆಗೆದು, ಆಮೇಲೆ ಕೊಟ್ಟು ತೋರಿಸಿ. ಕೊಡಲು ಮನಸ್ಸಾಗದಿದ್ದರೂ ಕೊಡಬಹುದು ಎಂಬುದು ಅವರಿಗೆ ಕಾಣಬೇಕು.

ಎರಡೂವರೆ ವರ್ಷದವಳಿಂದ ಹೆಚ್ಚು ನಿರೀಕ್ಷಿಸಬೇಡಿ. ಆ ವಯಸ್ಸಿನ ಮಗು ಸಹಾಯಕ್ಕೆ ಸದಾ ಸಿದ್ಧ, ಕಾಯುವುದು ಮಾತ್ರ ಬಲು ಕಷ್ಟ. ಅವಳಿಗೆ ಕಾಯುವ ಕೆಲಸ ಕೊಡದೆ ಗಾರ್ಡ್ ಮಾಡಿ. 2022ರಿಂದ ನಮ್ಮ ರೈಲ್ವೆಯಲ್ಲಿ ಅವರನ್ನು ಟ್ರೈನ್ ಮ್ಯಾನೇಜರ್ ಅನ್ನುತ್ತಾರೆ, ಮನೆಯಲ್ಲಿ ಗಾರ್ಡ್ ಎಂದೇ ಇರಲಿ. ಹಸಿರು ಬಟ್ಟೆ ಬೀಸಿದರೆ ಹೊರಡಬೇಕು, ಕೆಂಪು ಬೀಸಿದರೆ ನಿಲ್ಲಬೇಕು. ಕೊನೆಯ ಬೋಗಿಯ ಹಿಂದೆ ಗುಣಿಸು ಚಿಹ್ನೆ ಅಂಟಿಸುವುದೂ ಅವಳ ಕೆಲಸ. ನಿಜವಾದ ರೈಲಿನಲ್ಲೂ ಅದು ಇರುತ್ತದೆ, ಯಾವ ಬೋಗಿಯೂ ಹಿಂದೆ ಕಳಚಿ ಉಳಿದಿಲ್ಲ ಎಂದು ನಿಲ್ದಾಣದವರಿಗೆ ತಿಳಿಯಲು. ಮೂರು ನಿಮಿಷ ಆಡಿ ಎದ್ದು ಹೋದರೆ ಹೋಗಲಿ. ಅವಳು ಹೋದಾಗ ಅಣ್ಣ 'ಗಾರ್ಡ್ ಎಲ್ಲಿ?' ಎಂದು ಕೂಗಿದರೆ ನಿಮ್ಮ ಕೆಲಸ ಕೈಗೂಡುತ್ತಿದೆ ಎಂದು ಲೆಕ್ಕ.

ಸಾಲಾಗಿ ಜೋಡಿಸಿ ಮುಟ್ಟಬಾರದು ಅನ್ನುತ್ತಾನೆ ಎಂದಿದ್ದೀರಿ. ರೈಲಿನ ಹುಚ್ಚು, ಸಾಲು ಜೋಡಿಸುವುದು, ಇವಷ್ಟೇ ಆಟಿಸಂನ ಲಕ್ಷಣವಲ್ಲ. ಎಷ್ಟೋ ಮಕ್ಕಳು ಈ ವಯಸ್ಸಿಗೆ ಹೀಗೆ ಮಾಡುತ್ತಾರೆ. ಹೆಸರು ಹಿಡಿದು ಕರೆದರೆ ತಿರುಗದಿರುವುದು, ಬೇಕಾದ್ದನ್ನು ಬೆರಳಿಂದ ತೋರಿಸದಿರುವುದು, ನಟನೆಯ ಆಟವೇ ಇಲ್ಲದಿರುವುದು, ಬಂದ ಮಾತು ಹಿಂದೆ ಹೋಗುವುದು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಪರೀಕ್ಷೆ ಮಾಡುತ್ತಾರೆ. ಆಟಿಸಂ ಇರುವ ಹಲವು ಮಕ್ಕಳಿಗೆ ರೈಲು ಬಹಳ ಇಷ್ಟ ಎಂಬುದೂ ನಿಜವೇ. ಕೇಂಬ್ರಿಜ್‌ನ ಸಂಶೋಧಕರು ಅದನ್ನೇ ಹಿಡಿದುಕೊಂಡು ಐದೈದು ನಿಮಿಷದ 15 ಕಂತುಗಳ ಸರಣಿ ಮಾಡಿದರು. ಹಳಿಯ ಮೇಲೆ, ತಂತಿಯ ಮೇಲೆ ಓಡುವ ಗಾಡಿಗಳಿಗೆ ನಿಜವಾದ ಮನುಷ್ಯರ ಮುಖ ಕೂರಿಸಿ, ಕಂತಿಗೊಂದು ಭಾವನೆ. ಗಾಡಿಯ ಚಲನೆ ನಿಯಮಬದ್ಧವಾದ್ದರಿಂದ ಮಗುವಿಗೆ ಗಾಬರಿಯಿಲ್ಲ, ನೋಡುತ್ತ ನೋಡುತ್ತ ಮುಖವನ್ನೂ ಓದುತ್ತದೆ ಎಂಬ ಲೆಕ್ಕಾಚಾರ ಅದು.

ನಿಮ್ಮ ಮಗನದು ಸುಮ್ಮನೆ ಒಡೆತನದ ಹಟವಾದರೆ, ಕೆಲವು ಬೋಗಿಗಳನ್ನು 'ಡಿಪೋ' ಎಂಬ ಡಬ್ಬಿಯಲ್ಲಿ ಅವನೊಬ್ಬನಿಗೇ ಬಿಡಿ. ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಉಳಿದವು ಇಬ್ಬರದೂ. ಎಲ್ಲವನ್ನೂ ಹಂಚಿಕೊಳ್ಳಲೇಬೇಕು ಎಂದು ಹಟ ಹಿಡಿದರೆ ಎಲ್ಲವನ್ನೂ ಬಚ್ಚಿಡುತ್ತಾನೆ.

ಟಿವಿ, ಮೊಬೈಲ್ ನೋಡುವ ಸಮಯದ ಮಿತಿ ಗೊತ್ತಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ 2ರಿಂದ 5 ವರ್ಷಕ್ಕೆ ಅದೇ ಒಂದು ಗಂಟೆ ಅನ್ನುತ್ತದೆ. ಮುಖ್ಯವಾಗಿ ಮುಂದಿನದು ತಾನಾಗಿ ಶುರುವಾಗುವ ಆಟೊಪ್ಲೇ ಆರಿಸಿಬಿಡಿ. ಯೂಟ್ಯೂಬಿನಲ್ಲಿ ಅಸಲಿ ಕಂತಿನ ಹಿಂದೆಯೇ ಆಟಿಕೆ ರೈಲುಗಳನ್ನು ಢಿಕ್ಕಿ ಹೊಡೆಸುವ, ಸೇತುವೆಯಿಂದ ಬೀಳಿಸುವ ವಿಡಿಯೊಗಳು ಬರುತ್ತವೆ. ಮುಖ ಅವೇ ಪರಿಚಿತ ಎಂಜಿನ್ನುಗಳದು, ಕಥೆ ಮಾತ್ರ ಬರೀ ಅಪಘಾತ. ಎರಡು ಕಂತು ಮೊದಲೇ ಇಳಿಸಿಟ್ಟುಕೊಂಡು ಅವನ್ನೇ ವಾರವಿಡೀ ತೋರಿಸಿ. ಒಂದೇ ಕಥೆ ಮತ್ತೆ ಮತ್ತೆ ನೋಡುವುದು ನಿಮಗೆ ಬೇಸರ, ಅವನಿಗೆ ಅದೇ ಬೇಕು. ನಾಲ್ಕನೆಯ ಸಲಕ್ಕೆ ಎಡ್ವರ್ಡ್ ಬರುವ ಮೊದಲೇ 'ಬರ್ತಾನೆ, ಬರ್ತಾನೆ' ಅನ್ನುತ್ತಾನೆ. ಜಗಳಕ್ಕೂ ರಾಜಿಗೂ ನಂಟು ಕಟ್ಟಿಕೊಳ್ಳುವುದು ಆಗಲೇ.

ನೀವು ಹಾಸನದಲ್ಲೇ ಇರುವುದರಿಂದ ಇನ್ನೊಂದು ಕೆಲಸ ಮಾಡಬಹುದು. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಅಲ್ಲಿ ಹತ್ತಿ ಬರುವ ಭಾರದ ಗಾಡಿಗಳಿಗೆ ಹಿಂದಿನಿಂದ ತಳ್ಳಲು ಹೆಚ್ಚಿನ ಎಂಜಿನ್ನು ಕಟ್ಟುತ್ತಾರೆ. ರೈಲ್ವೆಯವರ ಬಾಯಲ್ಲಿ ಅದು ಬ್ಯಾಂಕರ್. ಎಲ್ಲ ಬಲವನ್ನೂ ಮುಂದೆಯೇ ಹಾಕಿ ಎಳೆದರೆ ಬೋಗಿಗಳ ನಡುವಿನ ಕಪ್ಲಿಂಗ್ ಹರಿಯಬಹುದು. ಹಿಂದಿನಿಂದ ತಳ್ಳಿದರೆ ಭಾರ ಹಂಚಿಹೋಗುತ್ತದೆ, ಅಕಸ್ಮಾತ್ ಕಪ್ಲಿಂಗ್ ಹರಿದರೂ ಹಿಂದೆ ಹಿಡಿಯಲು ಒಬ್ಬನಿರುತ್ತಾನೆ. ಊಟಿ ರೈಲಿನಲ್ಲೂ ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ ಎಂಜಿನ್ನು ಹಿಂದೆಯೇ ನಿಂತು ತಳ್ಳುತ್ತದೆ, ಬೋಗಿಗೊಬ್ಬ ಬ್ರೇಕ್ಸ್‌ಮನ್ ಇರುತ್ತಾನೆ. ಅಂದ ಹಾಗೆ 2016ರಲ್ಲಿ ಥಾಮಸ್ ಬಳಗಕ್ಕೆ ಸೇರಿದ ಆಶಿಮಾ ಎಂಬ ಭಾರತೀಯ ಎಂಜಿನ್ನನ್ನು ಈ ಊಟಿ ರೈಲಿನ ಎಂಜಿನ್ನುಗಳನ್ನು ನೋಡಿಯೇ ರೂಪಿಸಿದ್ದು.

ಒಂದು ಭಾನುವಾರ ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ಚಿಕ್ಕವಳನ್ನು ಎತ್ತಿಕೊಂಡು, ಹಳದಿ ಗೆರೆಯಿಂದ ಚೆನ್ನಾಗಿ ಹಿಂದೆ ನಿಲ್ಲಿ. ಘಾಟಿ ಹತ್ತಿ ಬಂದ ಗೂಡ್ಸ್ ಗಾಡಿ ನಿಂತಾಗ ಎಲ್ಲರ ಕಣ್ಣೂ ಮುಂದಿನ ಎಂಜಿನ್ನಿನ ಮೇಲಿರುತ್ತದೆ. ನೀವು ಮಗನನ್ನು ಹಿಂದಿನ ತುದಿಯತ್ತ ತಿರುಗಿಸಿ 'ಅಲ್ಲಿ ಯಾರಿದ್ದಾರೆ ನೋಡು' ಅನ್ನಿ. ಹೆಸರು ಅವನೇ ಇಡಲಿ. ಮನೆಗೆ ಬಂದ ಮೇಲೆ ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ತಂಗಿಯ ಎಂಜಿನ್ನಿಗೆ ಅಂಟಿಸಿ.